ಯಾರ ಕೆಲಸಕ್ಕೂ ಬಾರದ ಮೂರು ದಿನ

"ಒಬ್ರೇನಾ? ಇನ್ಯಾರಾದ್ರೂ ಬರೋರಿದಾರಾ?" ಎಂದು ಊಟದ ಮನೆಯ ಮಾಣಿ ಕೇಳಿದ್ದೇ ತಡ, ಒತೀಲಿಯಾಳ ಬಾಯಿಂದ "ಗಂಡ ಬರ್ತಾರೆ, ಕಾರು ನಿಲ್ಸೋಕೆ ಹೋಗಿದಾರೆ" ಎಂಬ ಮಾತು ಜಾರಿಬಿತ್ತು. ಕಾರೂ ಇರಲಿಲ್ಲ, ಗಂಡನೂ ಇರಲಿಲ್ಲ. ಗಂಡ ಅರ್ಮಿಂದು ಬೆಟ್ಟದ ಮೇಲಿನ ಕೊವಿಲ್ಯಾ ಊರಿನಲ್ಲಿ, ಹೆಂಡತಿ ಮಂಡಿನೋವಿನ ಹರಕೆ ತೀರಿಸಲು ಫಾತಿಮಾ ಎಂಬ ಊರಿನ ಮಾತೆಯ ಚರ್ಚಿಗೆ ಹೋಗಿದ್ದಾಳೆಂದು ನಂಬಿ, ಅವಳು ಮಾಡಿಟ್ಟು ಬಂದ ಎಲೆಕೋಸಿನ ಸಾರನ್ನು ಬಿಸಿ ಮಾಡಿಕೊಂಡು ಕುಡಿಯುತ್ತಿರಬೇಕು. ಮಾಣಿ ಎದುರು ಕುರ್ಚಿಯ ಮುಂದೆ ಇನ್ನೊಂದು ತಟ್ಟೆ, ಇನ್ನೊಂದು ಲೋಟ ಜೋಡಿಸಿ ಹೋದ. ಕೆಂಪು ವೈನಿನಲ್ಲಿ ಬೇಯಿಸಿದ ಆಡಿನ ಮಾಂಸ ಬಂತು. ಹಸಿವೆಯಿಂದ ಹೊಟ್ಟೆ ತಾಳ ಹಾಕುತ್ತಿದ್ದರೂ ಇಲ್ಲದ ಗಂಡನಿಗಾಗಿ ಕಾಯಬೇಕಾಯಿತು. ಮಾಣಿ ಒಮ್ಮೆ ಬಂದು ಬಾಗಿಲಿನತ್ತ ನೋಡಿ, "ವಿದ್ಯಾರ್ಥಿಗಳ ಉತ್ಸವದ ವಾರ ಅಲ್ವಾ, ಪಾಪ, ಜಾಗ ಸಿಗಲ್ಲ" ಎಂದ. ಎರಡನೆಯ ಸಲ ಬಂದಾಗ ಏನೂ ಅನ್ನದೆ ಹೋದ. ಅದು ಇನ್ನೂ ಕೆಟ್ಟದಾಗಿತ್ತು. ಕಿವಿಯ ತುದಿ ಬಿಸಿಯಾಗಿ, ಕೊನೆಗೆ ಒತೀಲಿಯಾ ತನ್ನ ಪಾಲನ್ನೂ ತಿಂದು, ಎದುರಿನ ತಟ್ಟೆಯ ಪಕ್ಕದಲ್ಲಿದ್ದ ಬ್ರೆಡ್ಡನ್ನೂ ಎತ್ತಿಕೊಂಡು ರಸಕ್ಕೆ ಅದ್ದಿ ತಿಂದುಬಿಟ್ಟಳು. ಬೀದಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಐವತ್ತೇಳು ವರ್ಷದ ಹೆಂಗಸು ಕೊಯಿಂಬ್ರಾದ ಬೀದಿಯಲ್ಲಿ ಒಬ್ಬಳೇ ಕೈಚೀಲ ಅವಚಿಕೊಂಡು ನಗುತ್ತಿದ್ದರೂ ಯಾರೂ ಏನು ಎಂದು ಕೇಳಲಿಲ್ಲ.

ಯಾರೂ ಕೇಳಲಿಲ್ಲ ಎಂಬುದೇ ಅವಳಿಗೆ ಹುಚ್ಚು ಹಿಡಿಸಿದ ಸುಖ. ಮೂರು ದಿನ. ಮೂರು ದಿನ ಅವಳು ಯಾರ ಕೆಲಸಕ್ಕೂ ಬರುವವಳಲ್ಲ. ಯಾರ ಗುಂಡಿ ಉದುರಿದರೂ ಅವಳದಲ್ಲ, ಯಾರ ಸಾರಿಗೆ ಉಪ್ಪು ಕಮ್ಮಿಯಾದರೂ ಅವಳದಲ್ಲ. ಬಸ್ಸಿನಲ್ಲಿ ಬರುವಾಗಲೇ ಅವಳು ಇದನ್ನು ಮನಸ್ಸಿನಲ್ಲಿ ಹೇಳಿಕೊಂಡಿದ್ದಳು, ಪ್ರಾರ್ಥನೆ ಹೇಳುವವರ ಹಾಗೆ ತುಟಿ ಅಲುಗಿಸಿಕೊಂಡು. ಪಕ್ಕದ ಮುದುಕ ಅವಳನ್ನು ನಿಜವಾಗಿಯೂ ಫಾತಿಮಾದ ಭಕ್ತೆಯೆಂದೇ ತಿಳಿದು ಕಿಟಕಿಯ ಬದಿಯ ಜಾಗ ಬಿಟ್ಟುಕೊಟ್ಟಿದ್ದ. ಈಗ ಬೆನ್ನುಮುರುಕ ಎಂದು ಊರವರು ಕರೆಯುವ ಮೆಟ್ಟಿಲ ಓಣಿಯನ್ನು ಹತ್ತುತ್ತಿದ್ದಾಳೆ. ಹರಕೆಯ ನೆಪವಾಗಿದ್ದ ಮಂಡಿಗೆ ಒಂದಿಷ್ಟೂ ನೋವಿಲ್ಲ. ಸುಳ್ಳಿಗೂ ಮಾತೆ ಕೃಪೆ ತೋರಿದಳೇ, ಅಥವಾ ಊರಿಗೆ ಹೋದ ಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತಾಳೆಯೇ? ಮಾಡಲಿ. ಮೇಲೆ ವಿಶ್ವವಿದ್ಯಾಲಯದ ಗೋಪುರದಲ್ಲಿ ಗಂಟೆ ಹೊಡೆಯಿತು. ಆ ಗಂಟೆಗೆ ಇಲ್ಲಿ ಮೇಕೆ ಎಂದು ಹೆಸರು. "ಮೇಕೆ ಅರಚ್ತು, ಓಡ್ರೋ!" ಎಂದು ಇಬ್ಬರು ಹುಡುಗರು ಅವಳನ್ನು ತಳ್ಳಿಕೊಂಡೇ ಮೇಲೆ ಓಡಿದರು. ಅವರ ಹೆಗಲಿಂದ ಹಿಮ್ಮಡಿಯವರೆಗೆ ವಿದ್ಯಾರ್ಥಿಗಳು ತೊಡುವ ಕಪ್ಪು ಉಣ್ಣೆಯ ಹೊದಿಕೆ ಹಾರುತ್ತಿತ್ತು. ಒತೀಲಿಯಾ ಗೋಡೆಗೆ ಒರಗಿ ನಿಂತುಬಿಟ್ಟಳು. ಅವಳು ನೋಡಲು ಬಂದಿದ್ದು ಅದನ್ನೇ.

ಅವಳು ದುಡಿಯುತ್ತಿದ್ದ ಉಣ್ಣೆಯ ಗಿರಣಿಯಲ್ಲಿ ಮಗ್ಗದಿಂದ ಇಳಿದ ಬಟ್ಟೆ ಮೊದಲು ಬರುತ್ತಿದ್ದದ್ದು ರಫು ಮಾಡುವ ಹೆಂಗಸರ ಕೋಣೆಗೆ. ಉತ್ತರಕ್ಕೆ ದೊಡ್ಡ ಕಿಟಕಿಗಳು. ಕಿಟಕಿಯೆದುರು ಇಳಿಜಾರು ಹಲಗೆ. ಹಲಗೆಯ ಮೇಲೆ ಬಟ್ಟೆ. ಎಳೆ ತುಂಡಾದಲ್ಲಿ, ಗಂಟು ಬಿದ್ದಲ್ಲಿ, ತೂತಾದಲ್ಲಿ ಬೆರಳು ತಾನಾಗಿ ನಿಲ್ಲಬೇಕು. ಅದೇ ಬಟ್ಟೆಯ ಅಂಚಿನಿಂದ ಒಂದೆಳೆ ಕಿತ್ತು, ಸೂಜಿಯಲ್ಲಿ ಪೋಣಿಸಿ, ಮೇಲೊಂದು ಕೆಳಗೊಂದು ಎಂದು ನೇಯುತ್ತ ಹೋಗಬೇಕು. ಮೇಸ್ತ್ರಿ ಗಶ್ಪಾರ್ ಹಿಂದೆ ಬಂದು ನಿಂತು, ಹೊಗೆಸೊಪ್ಪಿನ ಉಸಿರು ಬಿಡುತ್ತ, "ಇಲ್ಲಿ ಏನೂ ಆಗೇ ಇಲ್ಲ ಅನ್ನೋ ಹಾಗಿರ್ಬೇಕು ಕಣಮ್ಮ. ಏನೂ ಆಗೇ ಇಲ್ಲ" ಎನ್ನುತ್ತಿದ್ದ. ಕಪ್ಪು ಬಟ್ಟೆ ಎಲ್ಲರಿಗೂ ಬೇಡದ್ದು, ಕಣ್ಣು ತಿನ್ನುವಂಥದು. ಅದನ್ನು ಸುಮ್ಮನಿರುವವಳ ಕಡೆ ತಳ್ಳುತ್ತಿದ್ದರು, ಸುಮ್ಮನಿರುವವಳು ಒತೀಲಿಯಾ. ಥಾನಿನ ತುದಿಗೆ ಸುಣ್ಣದಕಡ್ಡಿಯಲ್ಲಿ ಕೊಯಿಂಬ್ರಾ ಎಂದು ಬರೆದಿರುತ್ತಿತ್ತು. ನಡುವೆ ವಿದ್ಯಾರ್ಥಿಗಳು ಸರಕಾರದ ಮೇಲೆ ಮುನಿದು ಉತ್ಸವ, ಹೊದಿಕೆ ಎಲ್ಲ ಬಿಟ್ಟ ಹತ್ತು ವರ್ಷ ಆ ಅಕ್ಷರ ಕಾಣಲಿಲ್ಲ. ಮತ್ತೆ ಬರತೊಡಗಿದಾಗ ಒತೀಲಿಯಾಳ ಕಣ್ಣಿಗೆ ಕನ್ನಡಕ ಬಂದಿತ್ತು. ನಿವೃತ್ತಿಯ ದಿನ ಹೂಗುಚ್ಛ ಹಿಡಿದುಕೊಂಡು ಮನೆಗೆ ನಡೆಯುವಾಗ ಅವಳಿಗೆ ಅನ್ನಿಸಿದ್ದು ಒಂದೇ: ಆ ಬಟ್ಟೆ ಎಲ್ಲಿಗೆ ಹೋಯಿತೋ ಅಲ್ಲಿಗೆ ತಾನೂ ಒಮ್ಮೆ ಹೋಗಬೇಕು, ಒಬ್ಬಳೇ. ಅರ್ಮಿಂದುವಿಗೆ ಹೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ, ಅವನೂ ಬರುತ್ತಿದ್ದ. ಬಂದು, ಅವಳಿಗೆ ಏನು ಇಷ್ಟವೆಂದು ಮಾಣಿಗೆ ತಾನೇ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಅದೇ ತೊಂದರೆ.

ಅವಳು ಇಳಿದುಕೊಂಡಿದ್ದು ಹಳೆಯ ಪ್ರಧಾನ ಚರ್ಚಿನ ಹಿಂದಿನ ಓಣಿಯಲ್ಲಿ, ದೋನಾ ಜುಲ್ಮೀರಾ ಎಂಬ ವಿಧವೆಯ ಮನೆಯಲ್ಲಿ. ಕೆಳಗೆ ವಿದ್ಯಾರ್ಥಿನಿಯರು, ಮೇಲೆ ಪ್ರವಾಸಿಗರಿಗೊಂದು ಕೋಣೆ. ಜುಲ್ಮೀರಾಗೆ ಮೀಸೆಯಿತ್ತು, ಧ್ವನಿ ಗೋಡೆ ತೂರುವಂಥದು. "ಒಬ್ಳೇ ಬಂದಿದೀಯಾ? ಗಂಡ ಸತ್ತನಾ, ಬಿಟ್ಟನಾ?" ಎಂದು ಬಾಗಿಲಲ್ಲೇ ಕೇಳಿದ್ದಳು.

"ಊರಲ್ಲಿದಾರೆ."

"ಬದುಕಿದಾನೆ, ಆದ್ರೂ ಒಬ್ಳೇ ಬಂದಿದೀಯ. ಭಲೇ! ನಂಗೆ ಈ ಬುದ್ಧಿ ನಮ್ಮೋರು ಇದ್ದಾಗ ಬರ್ಲಿಲ್ಲ ನೋಡು. ಬಾ ಒಳಗೆ. ಬಿಸಿನೀರು ಬೆಳಗ್ಗೆ ಮಾತ್ರ. ಗಲಾಟೆ ರಾತ್ರಿಯೆಲ್ಲಾ. ನಾಡಿದ್ದು ಮೆರವಣಿಗೆ, ನಮ್ಮ ಬೆನೆದಿತಾದು ಇದು ಕೊನೇ ವರ್ಷ."

ಬೆನೆದಿತಾ ಎಂಬ ಕಾನೂನು ಓದುವ ಹುಡುಗಿ ಆಗ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಉದ್ದನೆಯ ಮೂಗು, ನಿದ್ದೆಗೆಟ್ಟ ಕಣ್ಣು. ಒತೀಲಿಯಾಳ ಚೀಲವನ್ನು ಕೇಳದೆಯೇ ಎತ್ತಿಕೊಂಡು ಮೇಲೆ ನಡೆದಳು. "ಆಂಟಿ, ಗ್ರಂಥಾಲಯ ನೋಡಿ ತಪ್ದೆ. ಅಲ್ಲಿ ಬಾವಲಿ ಸಾಕಿದಾರೆ, ನಿಜವಾಗ್ಲೂ. ಪುಸ್ತಕದ ಹುಳ ತಿನ್ನೋಕೆ. ನಾನು ಐದು ವರ್ಷದಲ್ಲಿ ಓದಿದ್ದಕ್ಕಿಂತ ಜಾಸ್ತಿ ಅವು ತಿಂದಿವೆ" ಎಂದು ನಕ್ಕಳು. ಹುಡುಗಿ ಹಿಡಿಸಿಬಿಟ್ಟಳು. ಬಾವಲಿಗಳೂ ಹಿಡಿಸಿದವು. ಎರಡನೆಯ ದಿನ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಹೋಗುವುದೆಂದು ಒತೀಲಿಯಾ ನಿಶ್ಚಯಿಸಿದಳು.

ಎರಡನೆಯ ದಿನ ಬೆಳಿಗ್ಗೆ ಎಲ್ಲಕ್ಕಿಂತ ಒಳ್ಳೆಯ ರವಿಕೆ ತೊಟ್ಟು, ತಲೆ ಬಾಚಿ, ಕೆಳಗಿಳಿದು ಬಂದಳು. ಮನೆ ಖಾಲಿ. ಹುಡುಗಿಯರೆಲ್ಲ ಮೆರವಣಿಗೆಯ ಗಾಡಿಗೆ ಕಾಗದದ ಹೂ ಅಂಟಿಸಲು ಹೋಗಿದ್ದರು, ಜುಲ್ಮೀರಾ ಸಂತೆಗೆ ಹೋಗಿದ್ದಳು. ಮೇಜಿನ ಮೇಲೆ ಅವಳ ಪಾಲಿನ ಬ್ರೆಡ್ಡು, ಗಿಣ್ಣು, ಹಾಲು ಬೆರೆಸಿದ ಕಾಫಿ ಮುಚ್ಚಿಟ್ಟಿತ್ತು. ಗೂಟದಲ್ಲಿ ಬೆನೆದಿತಾಳ ಹೊದಿಕೆ ನೇತಾಡುತ್ತಿತ್ತು. ಒತೀಲಿಯಾ ನೋಡಬಾರದೆಂದು ಬೆನ್ನು ತಿರುಗಿಸಿ ಕೂತು ಕಾಫಿ ಕುಡಿದಳು. ಆದರೆ ಬಟ್ಟೆ ಹಿಂದಿನಿಂದಲೂ ಕರೆಯುತ್ತದೆ. ಎದ್ದು ಹೋಗಿ, ಬರೀ ಮುಟ್ಟಿ ನೋಡುವುದಕ್ಕೆಂದು, ಅಂಚು ಹಿಡಿದಳು. ನಮ್ಮದೇ, ಎಂದಿತು ಬೆರಳು. ಆಮೇಲೆ ಬೆರಳು ಒಂದು ಹರುಕಿನಲ್ಲಿ ಸಿಕ್ಕಿಕೊಂಡಿತು. ಇನ್ನೊಂದರಲ್ಲಿ. ಮತ್ತೊಂದರಲ್ಲಿ. ಕೆಳ ಅಂಚಿನುದ್ದಕ್ಕೂ ಬಟ್ಟೆ ಗೇಣುಗೇಣು ಸೀಳಿತ್ತು, ನಾಯಿ ಎಳೆದಾಡಿದ ಹಾಗೆ. ನಾಳೆ ಮೆರವಣಿಗೆ, ಇಡೀ ಊರು ನೋಡುತ್ತದೆ, ಈ ಮಗು ಇದನ್ನು ಹೊದ್ದು ಹೋಗುತ್ತದೆಯೇ? ತಾಯಿ ಇಲ್ಲವೇನೋ. ಇದ್ದಿದ್ದರೆ ಹೀಗೆ ಬಿಡುತ್ತಿದ್ದಳೇ? ಬಾವಲಿಗಳು ಎಲ್ಲಿಗೂ ಹೋಗುವುದಿಲ್ಲ, ಮಧ್ಯಾಹ್ನ ನೋಡಿದರಾಯಿತು. ಕೈಚೀಲದ ತಳದಲ್ಲಿ, ಜಪಮಾಲೆಯ ಪಕ್ಕ, ಸೂಜಿಯ ಡಬ್ಬಿ ಇತ್ತು. ಬೇಡವೆಂದು ಎರಡು ಸಲ ತೆಗೆದಿಟ್ಟು ಮೂರನೆಯ ಸಲ ಹಾಕಿಕೊಂಡು ಬಂದಿದ್ದಳು.

ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂಚಿನಿಂದ ಎಳೆ ಕಿತ್ತಳು, ಪೋಣಿಸಿದಳು, ಮೇಲೊಂದು ಕೆಳಗೊಂದು. ಒಂದು ಹರುಕು ಒಂದೇ ಏಟಿಗೆ ಸೀಳಿದ್ದು, ನೇರವಾಗಿ. ಒಂದು ಅಡ್ಡಾದಿಡ್ಡಿ. ಒಂದಂತೂ ನಡುನಡುವೆ ನಿಂತು ನಿಂತು ಹರಿದದ್ದು, ಅದರ ಬಾಯಿ ಮುಚ್ಚಲು ಬಹಳ ತಾಳ್ಮೆ ಬೇಕಾಯಿತು. ಎಷ್ಟು ಸುಖವಾಗಿತ್ತು ಎಂದರೆ ಅವಳಿಗೇ ನಾಚಿಕೆಯಾಯಿತು. ನಿನ್ನೆಯ ಮೆಟ್ಟಿಲು, ನದಿ, ಗೋಪುರ, ಯಾವುದೂ ಇಷ್ಟು ಸುಖ ಕೊಟ್ಟಿರಲಿಲ್ಲ. ಅಂದರೆ ತಾನು ಇಷ್ಟೇ ಏನು? ಗಂಡನಿಗೆ, ದೇವರಿಗೆ ಸುಳ್ಳು ಹೇಳಿ, ಇಷ್ಟು ದೂರ ಬಂದು, ಯಾರಿಗೂ ಬೇಡದವಳಾಗಿ ಒಂದು ದಿನ ಇರಲಾರದವಳೇ? ಎತ್ತಿಗೆ ರಜೆ ಕೊಟ್ಟರೆ ಅದು ಗಾಣದ ಸುತ್ತಲೇ ಮೇಯುತ್ತದಂತೆ, ಹಾಗಾಯಿತು. ಈ ಯೋಚನೆ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಬೆಳಕಿಗೆ ಹಿಡಿದು ನೋಡಿದಳು. ಏನೂ ಆಗೇ ಇರಲಿಲ್ಲ. ಮೇಸ್ತ್ರಿ ಗಶ್ಪಾರ್ ಗೋರಿಯಿಂದ ಎದ್ದು ಬಂದರೂ ಹುಡುಕಲಾರ. ಅದನ್ನು ಮೊದಲಿನಂತೆಯೇ ಗೂಟಕ್ಕೆ ಹಾಕಿ, ಯಾರಿಗೂ ಹೇಳಬಾರದು, ಹುಡುಗಿ ತಾನಾಗಿ ನೋಡಿ ಬೆರಗಾಗಲಿ ಎಂದುಕೊಂಡು, ಕಳ್ಳಹೆಜ್ಜೆ ಇಡುತ್ತ ಬೀದಿಗಿಳಿದಳು.

ಆ ಮಧ್ಯಾಹ್ನದಂಥ ಮಧ್ಯಾಹ್ನ ಅವಳ ಬದುಕಿನಲ್ಲಿ ಬಂದಿರಲಿಲ್ಲ. ಊಟದ ಮನೆಯಲ್ಲಿ ಬೇರೊಬ್ಬ ಮಾಣಿ "ಎಷ್ಟು ಜನ?" ಎಂದಾಗ "ಒಬ್ಳೇ" ಎಂದಳು, ಅದೂ ಗಟ್ಟಿಯಾಗಿ, ಪಕ್ಕದ ಮೇಜಿನವರು ತಿರುಗಿ ನೋಡಿದರೆ ನೋಡಲಿ. ಸೇತುವೆ ದಾಟಿದಳು. ಮೊಂದೇಗು ನದಿಯಲ್ಲಿ ಇಡೀ ಊರು ತಲೆಕೆಳಗಾಗಿ ಬಿದ್ದಿತ್ತು. ಸನ್ಯಾಸಿನಿಯರ ಮಠದ ಹೆಸರಿನ ಬಾದಾಮಿಯ ಕಡುಬು ತಿಂದಳು, ಇನ್ನೊಂದು ತಿಂದಳು. ಗೊತ್ತಿಲ್ಲದ ಹೆಂಗಸೊಬ್ಬಳಿಗೆ "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು. ಏನು ಎಂದು ಆ ಹೆಂಗಸು ಕೇಳಿದಾಗ ಹೇಳಲು ತಿಳಿಯದೆ ನದಿಯತ್ತಲೂ ಕಡುಬಿನತ್ತಲೂ ಕೈ ತೋರಿಸಿದಳು. ಮತ್ತೆ ಬೆಟ್ಟ ಹತ್ತಿ ವಿಶ್ವವಿದ್ಯಾಲಯದ ಅಂಗಳಕ್ಕೆ ಬರುವಾಗ ಮೇಕೆ ಅರಚುತ್ತಿತ್ತು, ಗ್ರಂಥಾಲಯದ ಬಾಗಿಲಲ್ಲಿ ಜನ ಸಾಲು ನಿಂತಿದ್ದರು. ಅಂಗಳದ ಬಿಸಿಲಲ್ಲಿ ಒಂದು ಸಂಸಾರ ಹುಡುಗನೊಬ್ಬನನ್ನು ಸುತ್ತುವರಿದಿತ್ತು. ಅಜ್ಜಿಯೊಬ್ಬಳು ಬಗ್ಗಿ ಅವನ ಹೊದಿಕೆಯ ಅಂಚನ್ನು ತುಟಿಗೆ ಒತ್ತಿಕೊಂಡಳು. ಪಾದ್ರಿಯ ನಿಲುವಂಗಿಗೆ ಮುತ್ತಿಡುವಂತೆ, ಎಂದುಕೊಂಡ ಒತೀಲಿಯಾಳ ಕಣ್ಣು ತುಂಬಿತು. ಆಗ ಆ ಸದ್ದು ಕೇಳಿಸಿತು. ಮೂವತ್ತು ವರ್ಷ ಉಣ್ಣೆಯ ಜೊತೆ ಬದುಕಿದವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಜ್ಜಿ ಹಲ್ಲಿನಿಂದ ಬಟ್ಟೆ ಸೀಳಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾಕೆ... ಯಾಕೆ ಹರೀತಿದಾರೆ?" ಎಂದು ಪಕ್ಕದಲ್ಲಿದ್ದ ಗಂಡಸನ್ನು ಕೇಳಿದಳು.

"ಓದಿನ ಕೊನೇ ವರ್ಷ ಅಲ್ವಾ, ಅದಕ್ಕೆ. ಒಂದು ಕಡೆ ಮನೆಯೋರು ಹರೀತಾರೆ, ಇನ್ನೊಂದು ಕಡೆ ಗೆಳೆಯರು. ನಡುವೆ, ಹಿಹ್ಹಿ, ಪ್ರೀತಿಸಿದೋರು. ಹಲ್ಲಲ್ಲೇ ಹರೀಬೇಕು, ಕತ್ತರಿ ಮುಟ್ಟಿಸ್ಬಾರ್ದು. ಒಂದೊಂದು ಹರಕೂ ಒಬ್ಬೊಬ್ಬರ ಗುರುತು. ಸಾಯೋ ತನಕ ಇಟ್ಕೋತಾರೆ. ನೀವು ಯಾವೂರಿನೋರಮ್ಮ?"

ಒತೀಲಿಯಾ ಓಡತೊಡಗಿದಳು. ಮಂಡಿ ಈಗ ನೋಯುತ್ತಿತ್ತು. ಬಿಚ್ಚಿಬಿಡಬೇಕು, ಹುಡುಗಿ ನೋಡುವ ಮೊದಲು ಒಂದೊಂದೂ ಎಳೆ ಬಿಚ್ಚಿ ಮೊದಲಿನ ಹಾಗೆ ಮಾಡಿಬಿಡಬೇಕು. ಜನರ ಮೈಗೆ ಮೈ ತಾಗಿಸಿಕೊಂಡು, ಒಬ್ಬನ ಬಿಯರು ಚೆಲ್ಲಿ, ಬೈಸಿಕೊಂಡು, ಏದುಸಿರು ಬಿಡುತ್ತ ಮನೆಗೆ ಬಂದಾಗ ಗೂಟ ಖಾಲಿಯಿತ್ತು. "ಬೆನೆದಿತಾನಾ? ಹೊದಿಕೆ ಎಳ್ಕೊಂಡು ಈಗಷ್ಟೆ ಹೋದ್ಲು. ಇನ್ನು ಬೆಳಕು ಹರಿದ ಮೇಲೇನೇ ಅವಳ ಸವಾರಿ" ಎಂದಳು ಜುಲ್ಮೀರಾ, ಆಲೂಗಡ್ಡೆ ಹೆರೆಯುತ್ತ. ಒತೀಲಿಯಾ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ದೂರದಿಂದ ಹಾಡು, ಕೂಗು, ನಗು ಬರುತ್ತಲೇ ಇತ್ತು. ಎಂಥ ಅಹಂಕಾರ, ಎಂದುಕೊಂಡಳು. ಕೇಳಬಹುದಿತ್ತಲ್ಲ, ಒಂದು ಮಾತು. ಕೇಳಿದ್ದರೆ ಬೇಡ ಎನ್ನುತ್ತಾಳೆಂದು ಒಳಗೊಳಗೆ ತಿಳಿದೇ ಕೇಳಲಿಲ್ಲವೇ? ಅರ್ಮಿಂದು ಅವಳನ್ನು ಕೇಳದೆ ಅವಳಿಗಾಗಿ ಮೀನು ತರಿಸುತ್ತಿದ್ದನಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಬೆಳಗಿನ ಮೊದಲ ಬಸ್ಸಿಗೆ ಹೊರಟುಬಿಡುವುದೆಂದು ಚೀಲ ತುಂಬಿಟ್ಟಳು.

ಮೊದಲ ಬಸ್ಸು ತಪ್ಪಿತು. ನಿದ್ದೆ ಹತ್ತಿದ್ದೇ ಬೆಳಗಿನ ಜಾವ. ಚೀಲ ಹಿಡಿದು ಮೆಟ್ಟಿಲಿಳಿಯುವಾಗ ಕೆಳಗೆ ಬೆನೆದಿತಾಳ ಧ್ವನಿ ಕೇಳಿಸಿತು. ಅವಳು ಹೊದಿಕೆಯನ್ನು ಊಟದ ಮೇಜಿನ ಮೇಲೆ ಹರಡಿ, ಅಂಚಿನುದ್ದಕ್ಕೂ ಕೈಯಾಡಿಸುತ್ತಿದ್ದಳು. ಮುಖ ಸುಣ್ಣದಂತಾಗಿತ್ತು. "ಇದು ನಂದಲ್ಲ ದೋನಾ ಜುಲ್ಮೀರಾ. ನೋಡಿ, ಒಂದೂ ಹರುಕಿಲ್ಲ. ಯಾರದ್ದೋ ಬದಲಾಗಿದೆ. ಎಲ್ಲಿ ತೆಗೆದಿಟ್ಟೆ ನಾನು? ಗಾಡಿ ಹತ್ರ ಒಂದು ಸಲ, ಆಮೇಲೆ ನದಿ ದಡದಲ್ಲಿ..."

"ಸರಿಯಾಗಿ ನೋಡೇ, ನಿದ್ದೆಗಣ್ಣು."

"ನೋಡ್ದೆ! ಅಪ್ಪಂದು ಇದರಲ್ಲಿಲ್ಲ. ಅಪ್ಪ ಹರಿದದ್ದು ಇಲ್ಲೇ ಇರ್ಬೇಕಿತ್ತು, ಈ ಕಡೆ." ಹುಡುಗಿ ಅಂಚನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ಹೋದ ಚಳಿಗಾಲದಲ್ಲಿ ತೀರಿಕೊಂಡ್ರಲ್ಲ... ಇನ್ನು ಅವರ ಹತ್ರ ಮತ್ತೆ ಹರಿಸೋಕಾಗುತ್ತಾ? ನಾನು ಹೋಗ್ತೀನಿ. ಒಬ್ಬೊಬ್ಬರ ಮನೆ ಬಾಗಿಲೂ ತಟ್ತೀನಿ. ಮೆರವಣಿಗೆ ಹಾಳಾಗ್ಲಿ."

ಒತೀಲಿಯಾ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಅವಳಿಗೆ ತಿಳಿಯಿತು: ಸುಮ್ಮನಿದ್ದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಅವಳ ಕೆಲಸ ಅಷ್ಟು ಚೆನ್ನಾಗಿತ್ತು. ಹುಡುಗಿ ಈ ಹೊದಿಕೆಯನ್ನು ಯಾರದ್ದೋ ಎಂದು ಎಸೆದು, ಎಲ್ಲೂ ಇಲ್ಲದ ಇನ್ನೊಂದನ್ನು ಊರೆಲ್ಲ ಹುಡುಕುತ್ತಾಳೆ, ವರ್ಷಗಟ್ಟಲೆ ಹುಡುಕುತ್ತಾಳೆ. ಬೀದಿಯ ಬಾಗಿಲು ತೆರೆದೇ ಇದೆ. ಬಾಗಿಲವರೆಗೆ ನಾಲ್ಕು ಹೆಜ್ಜೆ. ಸುಮ್ಮನಿರುವುದು ಅವಳಿಗೆ ಹೊಸತಲ್ಲ, ಅದರಲ್ಲೇ ಕೂದಲು ಹಣ್ಣಾಗಿದೆ. ಅವಳಿಗೆ ಹೆದರಿಕೆಯಾಯಿತು. ಆದರೆ ವಿಚಿತ್ರ, ಆ ಹೆದರಿಕೆಯ ಜೊತೆಗೇ ನಿನ್ನೆ "ಒಬ್ಳೇ" ಎಂದಾಗಿನ ಉತ್ಸಾಹವೂ ಎದೆಯಲ್ಲಿ ಎದ್ದಿತು.

"ಅದು ನಿಂದೇ ಕಣಮ್ಮ" ಎಂದಳು. "ನಾನು ಹೊಲಿದುಬಿಟ್ಟೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಜುಲ್ಮೀರಾ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಯಾವ ಬೆಟ್ಟದಿಂದ ಇಳಿದು ಬಂದೆ ಮಹಾತಾಯಿ? ನಿಮ್ಮೂರ ಕುರಿಗಳಿಗೂ ಗೊತ್ತಿರುತ್ತೆ ಇದು!" ಬೆನೆದಿತಾ ಕೂಗಲಿಲ್ಲ. ಅವಳು ಒತೀಲಿಯಾಳನ್ನು ನೋಡಿದ ರೀತಿಗೆ ಕೂಗಿದ್ದರೇ ಚೆನ್ನಾಗಿತ್ತು. "ಯಾರು ಹೇಳಿದ್ರು ನಿಮಗೆ?" ಎಂದು ಮೆಲ್ಲಗೆ ಕೇಳಿದಳು. "ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಮತ್ತೆ ಯಾಕೆ?"

"ಹರಿದಿತ್ತು" ಎಂದಳು ಒತೀಲಿಯಾ. ಬೇರೆ ಕಾರಣ ಅವಳಿಗೆ ಸಿಗಲಿಲ್ಲ. "ತಪ್ಪು ನಂದು. ಬಿಚ್ಚಿ ಕೊಡ್ತೀನಿ. ಎಲ್ಲೆಲ್ಲಿ ಅಂತ ನನ್ನ ಕೈಗೆ ಗೊತ್ತು. ಕತ್ತರಿ ಹಾಕಿಲ್ಲ, ಹಳೇ ಅಂಚೆಲ್ಲ ಒಳಗೆ ಹಾಗೇ ಇದೆ. ಮೆರವಣಿಗೆ ಹೊತ್ತಿಗೆ ಆಗುತ್ತೆ. ನಂಬು."

ಕಿಟಕಿಯ ಬಳಿ ಮತ್ತೆ ಕುರ್ಚಿ ಎಳೆದಳು. ಹುಡುಗಿ ಎದುರಿಗೇ ಕೂತಳು, ಪೊಲೀಸಿನವರ ಹಾಗೆ, ಕಣ್ಣು ಕದಲಿಸದೆ. ಒತೀಲಿಯಾ ಕಣ್ಣು ಮುಚ್ಚಿ ಅಂಚನ್ನು ಬೆರಳಲ್ಲಿ ಜಾರಿಸಿದಳು. ಜೀವಮಾನದಲ್ಲಿ ಮೊದಲ ಬಾರಿ ತನ್ನ ಕೈಕೆಲಸ ಅಷ್ಟು ಚೆನ್ನಾಗಿದ್ದದ್ದಕ್ಕೆ ಅವಳಿಗೆ ಕೋಪ ಬಂತು. ಸೂಜಿಯ ಮೊನೆಯಿಂದ ಮೊದಲ ಎಳೆ ಎತ್ತಿದಳು. ಗೆಳತಿಯರ ಕಡೆಯ ಹರುಕುಗಳು ಒಂದೊಂದಾಗಿ ಬಾಯಿಬಿಟ್ಟವು. ಬೆನ್ನಿನ ನಡುಭಾಗಕ್ಕೆ ಬಂದು ಸೂಜಿ ಊರಿದಾಗ ಬೆನೆದಿತಾ ತಟ್ಟನೆ ಅವಳ ಮಣಿಕಟ್ಟು ಹಿಡಿದಳು.

"ಅದು ಬೇಡ."

"ಯಾಕೆ?"

"ಅದು ವಾಸ್ಕುದು. ಈಸ್ಟರಿಗೆ ಬಿಟ್ಟು ಹೋದ, ಔಷಧಶಾಸ್ತ್ರ ಓದೋಳ ಜೊತೆ. ಸಂಬಂಧ ಮುರಿದ್ರೆ ಅದನ್ನ ಹೊಲಿಯೋದೇ ಪದ್ಧತಿ. ನಂಗೇ ಕೈ ಬರ್ತಿರ್ಲಿಲ್ಲ." ಅವಳು ಬಟ್ಟೆಯ ಹತ್ತಿರ ಮೂಗು ತಂದು ನೋಡಿದಳು. "ಗುರುತೇ ಉಳಿದಿಲ್ಲ ಅಲ್ವಾ? ಇದ್ದನೋ ಇಲ್ವೋ ಅನ್ನೋ ಹಾಗೆ ಮಾಡಿಬಿಟ್ಟಿದೀರ ಆಂಟಿ."

"ಅವನ ಮೂತಿಗೂ ಹಾಗೇ ಹೊಲಿಗೆ ಹಾಕಿಸ್ಬೇಕಿತ್ತು" ಎಂದಳು ಜುಲ್ಮೀರಾ ಅಡುಗೆಮನೆಯಿಂದ. ಹುಡುಗಿಯ ತುಟಿ ಕೊಂಕಿತು. ನಗುವೋ ಅಳುವೋ ಅವಳಿಗೇ ತಿಳಿದಂತಿರಲಿಲ್ಲ.

ಕೊನೆಗೆ ಉಳಿದದ್ದು ಮನೆಯವರ ಕಡೆಯ ಅಂಚು. ಒತೀಲಿಯಾ ಕೈಯನ್ನು ಮಡಿಲಲ್ಲಿ ಒರೆಸಿಕೊಂಡಳು. ಒಂದು ತಾಯಿಯದಂತೆ, ನೇರ. ಇನ್ನೊಂದು ತಮ್ಮನದು, ಅಡ್ಡಾದಿಡ್ಡಿ. ಅವು ತೆರೆದುಕೊಂಡವು. ಮೂರನೆಯದರ ಹತ್ತಿರ ಬಂದಾಗ ಅವಳ ಬೆರಳಿಗೆ ಆ ನಿಂತು ನಿಂತು ಹರಿದ ಹಾದಿ ನೆನಪಾಯಿತು. "ಇದೇ ನಿಮ್ಮಪ್ಪಂದು. ಎರಡು ಸಲ ನಿಲ್ಸಿದಾರೆ ನೋಡು, ಇಲ್ಲೊಂದು, ಇಲ್ಲೊಂದು. ಒಳ್ಳೇ ಉಣ್ಣೆ ಹಾಳು ಮಾಡೋಕೆ ಮನಸ್ಸು ಬಂದಿರ್ಲಿಕ್ಕಿಲ್ಲ ಪಾಪ" ಎಂದಳು, ಸಮಾಧಾನ ಹೇಳುವ ಧ್ವನಿಯಲ್ಲಿ.

ಬೆನೆದಿತಾ ಮುಖ ಎತ್ತಿದಳು. "ಮನಸ್ಸಾ? ಹಲ್ಲಿನ ಸೆಟ್ಟು! ಎರಡು ಸಲ ಕಳಚಿ ಬಂತು. ಒಂದು ಸಲ ಬಟ್ಟೇಲೇ ಕಚ್ಕೊಂಡು ನೇತಾಡ್ತಿತ್ತು. ಅಮ್ಮ ನಕ್ಕೂ ನಕ್ಕೂ ಕೆಳಗೆ ಕೂತುಬಿಟ್ಟಳು. ಅಪ್ಪ ಹಟ ಹಿಡಿದು, ಬಾಯಿಗೆ ಮತ್ತೆ ಹಾಕ್ಕೊಂಡು..." ಮುಂದೆ ಅವಳಿಗೆ ಹೇಳಲಾಗಲಿಲ್ಲ. ಅವಳು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒತೀಲಿಯಾಳೂ ನಕ್ಕಳು. ತನ್ನ ಸಮಾಧಾನದ ಮಾತು ತಪ್ಪಾದದ್ದಕ್ಕೆ ಅವಳಿಗೆ ಎಷ್ಟೋ ಹಗುರವಾಯಿತು. ಕೊನೆಯ ಎಳೆಯನ್ನು ಅವಳು ಎಳೆಯಲಿಲ್ಲ. ಸೂಜಿಯನ್ನು ಹುಡುಗಿಯ ಕೈಗೆ ಕೊಟ್ಟಳು. ಹರುಕು ತೆರೆದುಕೊಂಡಾಗ ಬೆನೆದಿತಾ ಅದರೊಳಗೆ ಎರಡು ಬೆರಳು ತೂರಿಸಿದಳು.

ಮೆರವಣಿಗೆ ಹೊರಟಿತು. ಒತೀಲಿಯಾ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆಗೆ ನಡೆಯಬೇಕೆಂದಿದ್ದವಳು ಜನರ ನಡುವೆ ಸಿಕ್ಕಿಕೊಂಡಳು, ಸಿಕ್ಕಿಕೊಳ್ಳಲೆಂದೇ ಆ ಬೀದಿ ಹಿಡಿದಿದ್ದಳೆಂದರೂ ಆದೀತು. ಕಾಗದದ ಹೂವಿನ ಗಾಡಿಗಳು, ಕೆಂಪು ಹಳದಿ ನೀಲಿ ಪಟ್ಟಿಗಳು, ಡೋಲು, ಮೇಲ್ಮಹಡಿಗಳಿಂದ ಹೂವಿನ ಎಸಳು. ಎಲ್ಲೆಲ್ಲೂ ಅವಳ ಕಪ್ಪು ಬಟ್ಟೆ, ಸಾವಿರ ಕಡೆ ಹರಿದು, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತ. ಇಷ್ಟು ವರ್ಷ ಇದಕ್ಕಾಗಿ ಕಣ್ಣು ಕಳೆದುಕೊಂಡೆನೇ ಎಂದು ಯೋಚಿಸಿದಳು. ದುಃಖವಾಗಲಿಲ್ಲ. ಎದೆ ಡೋಲಿನ ಜೊತೆ ಕುಣಿಯುತ್ತಿತ್ತು. ಕೆಂಪು ಗಾಡಿಯ ಮೇಲಿಂದ ಯಾರೋ "ಆಂಟೀ! ಏ ರಫು ಆಂಟೀ!" ಎಂದು ಕಿರುಚಿದರು. ಬೆನೆದಿತಾ ಕೆಳಗೆ ಹಾರಿ, ಜನರನ್ನು ಸರಿಸುತ್ತ ಬಂದು, ಹೊದಿಕೆಯ ಅಂಚನ್ನು ಅವಳ ಮುಖದೆದುರು ಹಿಡಿದಳು.

"ಹರೀರಿ."

"ಹುಚ್ಚಾ ನಿಂಗೆ? ನಾನ್ಯಾರು ಹರಿಯೋಕೆ? ಮನೆಯೋಳಲ್ಲ, ಗೆಳತಿ ಅಲ್ಲ."

"ಯಾವ ಕಡೆ ಬೇಕೋ ನೀವೇ ನೋಡ್ಕೊಳ್ಳಿ. ಬೇಗ, ಗಾಡಿ ಹೋಗ್ತಿದೆ!"

ಸುತ್ತಲಿದ್ದವರು ಕೇಕೆ ಹಾಕಿದರು. ಒತೀಲಿಯಾ ಅಂಚನ್ನು ಹಿಡಿದಳು. ಬಟ್ಟೆಯನ್ನು ಬೇಕೆಂದು ಹರಿಯುವುದು ಅವಳ ಕೈಗೆ ಗೊತ್ತಿರಲಿಲ್ಲ. ಬೆರಳು ಮರಗಟ್ಟಿದವು. ಗಿರಣಿಯ ಹೆಂಗಸರು ಈಗ ನೋಡಿದರೆ ಏನಂದಾರು? ಆಮೇಲೆ ಯಾವ ಕಡೆಯೆಂದೂ ನೋಡದೆ ಬಾಯಿಗೆ ಹಾಕಿಕೊಂಡಳು. ಉಣ್ಣೆಗೆ ಬೆವರಿನ, ಹೊಗೆಯ, ಚೆಲ್ಲಿದ ವೈನಿನ ರುಚಿಯಿತ್ತು. ಹಲ್ಲು ಊರಿ ತಲೆಯನ್ನು ಹಿಂದಕ್ಕೆ ಒಗೆದಳು. ಬಟ್ಟೆ ಒಂದು ಕ್ಷಣ ತಡೆಯಿತು. ಆಮೇಲೆ ಆ ಸದ್ದು, ಮೊದಲ ಬಾರಿ ಅವಳ ಬಾಯೊಳಗಿನಿಂದಲೇ. ಜನ ಚಪ್ಪಾಳೆ ತಟ್ಟಿದರು. ಅವಳು ಇನ್ನೂ ಎಳೆದಳು. ಗೇಣು ದಾಟಿತು, ಮೊಳಕ್ಕೆ ಬಂತು, ಹೊದಿಕೆಯ ಅರ್ಧದವರೆಗೆ ಏರಿತು.

"ಸಾಕು, ಸಾಕು ಆಂಟಿ, ಬಿಡಿ!" ಎಂದು ಬೆನೆದಿತಾ ನಗುತ್ತ ಕಿರುಚಿಕೊಂಡಳು.

ಒತೀಲಿಯಾ ಬಿಡಲಿಲ್ಲ.